ಸೆರೊಟೋನಿನ್ ಹೆಚ್ಚಿಸಿದರೆ ನೋವು ಇಳಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆ ಹಳೆಯದಾದವರು ರಾತ್ರಿ ಹೊತ್ತು ಅಂಗಾಲು ಉರಿಯುತ್ತದೆ, ಹೊದಿಕೆ ತಗುಲಿದರೂ ತಡೆಯಲಾಗುವುದಿಲ್ಲ ಎಂದು ಹೇಳುವುದನ್ನು ನೀವು ಕೇಳಿರುತ್ತೀರಿ. ಈ ಉರಿಗೆ ಖಿನ್ನತೆಯ ಮಾತ್ರೆ ಕೊಡುವ ರೂಢಿ ಹಿಂದಿನಿಂದಲೂ ಇದೆ. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮಿಟ್ರಿಪ್ಟಿಲಿನ್ ಮತ್ತು ಡೆಸಿಪ್ರಮಿನ್ ನೋವನ್ನು ತಗ್ಗಿಸಿದವು. ಮುಖ್ಯವಾಗಿ ಸೆರೊಟೋನಿನ್ ಹೆಚ್ಚಿಸುವ ಫ್ಲುಯೊಕ್ಸೆಟಿನ್ ಮಾತ್ರ ಹುಸಿಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ನೋವನ್ನು ತಡೆಯುವ ನರವಾಹಕವೆಂದು (ನರಗಳ ನಡುವೆ ಸಂಕೇತ ಒಯ್ಯುವ ರಾಸಾಯನಿಕವೆಂದು) ಪಾಠದಲ್ಲಿ ಓದಿದ ಸೆರೊಟೋನಿನ್ ಇಲ್ಲಿ ಏಕೆ ಕೈಕೊಟ್ಟಿತು? ಉತ್ತರದ ಒಂದು ಪಾಲು ಮೊದಲೆರಡು ಔಷಧಗಳು ಹೆಚ್ಚಿಸುವ ಇನ್ನೊಂದು ನರವಾಹಕವಾದ ನಾರ್‌ಅಡ್ರಿನಲಿನ್‌ನಲ್ಲಿದೆ. ಇನ್ನೊಂದು ಪಾಲು ಗ್ರಾಹಕಗಳಲ್ಲಿ, ಅಂದರೆ ಸೆರೊಟೋನಿನ್ ಬಂದು ಅಂಟುವ ಜೀವಕೋಶದ ಪ್ರೋಟೀನುಗಳಲ್ಲಿದೆ. ನನ್ನ ಇಂದಿನ ಮಾತು ಈ ಎರಡನೆಯ ಪಾಲಿನ ಬಗ್ಗೆ.

ಸೆರೊಟೋನಿನ್ ಗ್ರಾಹಕಗಳಲ್ಲಿ ಏಳು ಕುಟುಂಬಗಳಿವೆ. ಮೆದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿದು ಬರುವ ನರಗಳು ಅಲ್ಲಿ ಸೆರೊಟೋನಿನ್ ಸುರಿಸುತ್ತವೆ. ಅದು 1ಎ ಅಥವಾ 7ನೆಯ ಬಗೆಯ ಗ್ರಾಹಕಕ್ಕೆ ಅಂಟಿದಾಗ ಬಹುಪಾಲು ಪ್ರಯೋಗಗಳಲ್ಲಿ ನೋವಿನ ಸಂಕೇತ ಕುಗ್ಗುತ್ತದೆ. ಮೂರನೆಯ ಬಗೆಗೆ ಅಂಟಿದರೆ, ನರ ಕೆಟ್ಟ ಪ್ರಾಣಿಯಲ್ಲಿ ನೋವು ಹೆಚ್ಚುವುದೇ ಉಂಟು. ವಾಂತಿ ನಿಲ್ಲಿಸಲು ಕೊಡುವ ಒಂಡಾನ್‌ಸೆಟ್ರಾನ್ ತಡೆಯುವುದು ಈ ಮೂರನೆಯ ಗ್ರಾಹಕವನ್ನೇ. ಒಂದೇ ಅಣು ಎರಡು ಎದುರುಬದುರು ಕೆಲಸ ಮಾಡುತ್ತಿರುವಾಗ ಅದರ ಪ್ರಮಾಣವನ್ನಷ್ಟೇ ಏರಿಸಿ ಏನು ಪ್ರಯೋಜನ?

ಮಧುಮೇಹ ಈ ಲೆಕ್ಕವನ್ನು ಇನ್ನಷ್ಟು ಕದಡುತ್ತದೆ. ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚಿದರೆ ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸಾಯುತ್ತವೆ, ಇನ್ಸುಲಿನ್ ಬತ್ತುತ್ತದೆ. ಸೆರೊಟೋನಿನ್ ತಯಾರಾಗುವುದು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ. ಆಗ ರಕ್ತದಲ್ಲಿ ಏರುವ ಇತರ ಅಮೈನೊ ಆಮ್ಲಗಳು ಮೆದುಳಿನೊಳಗೆ ಹೋಗಲು ಅದರ ಜೊತೆ ಪೈಪೋಟಿಗೆ ಬೀಳುತ್ತವೆ. ಮೆದುಳಿನಲ್ಲಿ ಸೆರೊಟೋನಿನ್ ತಯಾರಿಕೆ ಕುಗ್ಗುತ್ತದೆ. ಹಾಗಿದ್ದೂ ಇಂಥ ಇಲಿಗಳ ಬೆನ್ನುಹುರಿಯಲ್ಲಿ ಸೆರೊಟೋನಿನ್ ಹೆಚ್ಚಿರುವುದನ್ನು ತೋರಿಸಿದ ಪ್ರಯೋಗಗಳೂ ಇವೆ! ಈ ವಿರೋಧ ನನಗೆ ಬಹಳ ಮುಖ್ಯವೆನಿಸುತ್ತದೆ. ಎಲ್ಲಿ, ಯಾವ ಹಂತದಲ್ಲಿ ಅಳೆದರು ಎಂಬುದನ್ನು ಬಿಟ್ಟು ‘ಮಧುಮೇಹದಲ್ಲಿ ಸೆರೊಟೋನಿನ್ ಕಡಿಮೆ’ ಎಂದು ಬರೆಯುವುದು ತಪ್ಪು.

ಇಲಿಯ ನೋವನ್ನು ಅಳೆಯುವುದಾದರೂ ಹೇಗೆ? ಜಾಲರಿ ನೆಲದ ಪುಟ್ಟ ಪೆಟ್ಟಿಗೆಯಲ್ಲಿ ಇಲಿಯನ್ನು ಬಿಟ್ಟು, ಅದು ಮೂಸುತ್ತಾ ಓಡಾಡುವುದನ್ನು ನಿಲ್ಲಿಸುವವರೆಗೆ ಕಾಯಬೇಕು. ಆಮೇಲೆ ಕೆಳಗಿನಿಂದ ನೈಲಾನ್ ಎಳೆಯೊಂದನ್ನು, ಅದು ಬಾಗುವವರೆಗೆ, ಅಂಗಾಲಿಗೆ ಒತ್ತಬೇಕು. ಆರೋಗ್ಯವಂತ ಇಲಿ ಲೆಕ್ಕಕ್ಕೇ ಇಟ್ಟುಕೊಳ್ಳದ ತೆಳು ಎಳೆಗೆ ಮಧುಮೇಹದ ಇಲಿ ಥಟ್ಟನೆ ಕಾಲೆತ್ತುತ್ತದೆ, ಕೆಲವೊಮ್ಮೆ ಅಂಗಾಲನ್ನು ನೆಕ್ಕಿಕೊಳ್ಳುತ್ತದೆ. ನಮಗೆ ಸಿಗುವುದು ಆ ಕಾಲೆತ್ತುವಿಕೆ ಮಾತ್ರ. ಮಂಪರು ಬರಿಸುವ ಔಷಧ ಕೊಟ್ಟರೂ ಇಲಿ ಕಾಲೆತ್ತುವುದಿಲ್ಲ! ಅದಕ್ಕಾಗಿಯೇ ತಿರುಗುವ ಕೋಲಿನ ಮೇಲೆ ಅದು ಬೀಳದೆ ನಿಲ್ಲುತ್ತದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು. ಆ ಪರೀಕ್ಷೆ ಮಾಡದೆ ‘ನೋವು ಶಮನವಾಯಿತು’ ಎಂದು ಬರೆದ ಪ್ರಬಂಧವನ್ನು ನಾನು ಒಪ್ಪುವುದಿಲ್ಲ.

ನನಗೆ ತುಂಬಾ ಭರವಸೆ ಹುಟ್ಟಿಸಿದ್ದು ಸೆರೊಟೋನಿನ್‌ನ 2ಎ ಗ್ರಾಹಕದ ಮೇಲೆ ಫ್ರಾನ್ಸಿನಲ್ಲಿ ನಡೆದ ಕೆಲಸ. ಈ ಗ್ರಾಹಕದ ಬಾಲ ಜೀವಕೋಶದೊಳಗಿನ ಕೆಲವು ಪ್ರೋಟೀನುಗಳಿಗೆ ಕಚ್ಚಿಕೊಂಡಿರುತ್ತದೆ. ಆ ಹಿಡಿತವನ್ನು, ಅಮೈನೊ ಆಮ್ಲಗಳ ಕಿರು ಸರಪಳಿಯಾದ ಪುಟ್ಟ ಪೆಪ್ಟೈಡ್‌ನಿಂದ ಬಿಡಿಸಿದಾಗ ಮಧುಮೇಹದ ಇಲಿಗಳ ಅತಿನೋವು ತಗ್ಗಿತು. ಫ್ಲುಯೊಕ್ಸೆಟಿನ್ ಗುಂಪಿನ ಔಷಧವೂ ಕೆಲಸ ಮಾಡತೊಡಗಿತು. 1992ರಲ್ಲಿ ಸೋತದ್ದು ಸೆರೊಟೋನಿನ್ ಅಲ್ಲ, ಅದನ್ನು ಬರಮಾಡಿಕೊಳ್ಳಬೇಕಿದ್ದ ಗ್ರಾಹಕ ಎಂಬ ಅನುಮಾನಕ್ಕೆ ಇದು ಬಲ ಕೊಡುತ್ತದೆ.

ಆದರೆ ಬೀಟಾ ಕೋಶ ಸತ್ತ ಇಲಿ ಮೊದಲನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ನಮ್ಮ ಹೆಚ್ಚಿನ ರೋಗಿಗಳದ್ದು ಎರಡನೆಯ ಬಗೆ. ಹಸಿವನ್ನು ತಗ್ಗಿಸುವ ಹಾರ್ಮೋನಾದ ಲೆಪ್ಟಿನ್‌ನ ಗ್ರಾಹಕ ಹುಟ್ಟಿನಿಂದಲೇ ಕೆಟ್ಟು ಬೊಜ್ಜು ಬೆಳೆಸಿಕೊಳ್ಳುವ ಚಿಟ್ಟಿಲಿಗಳಲ್ಲೂ 2ಎ ಗ್ರಾಹಕದ ಈ ಪ್ರಯೋಗ ಇದೇ ಫಲ ಕೊಡುತ್ತದೆಯೇ ಎಂಬುದನ್ನು ನಿಮ್ಮಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬೇಕೆಂದು ನನ್ನ ಆಸೆ.