ಹಳೆ ಬುಲೆಟ್ ಕ್ಲಚ್: ಪ್ಲೇಟ್ ಬದಲಿಸೋ ಮೊದಲು ಇದನ್ನು ನೋಡಿ

[ದೃಶ್ಯ: ಸೆಂಟರ್ ಸ್ಟ್ಯಾಂಡ್ ಮೇಲೆ ಹಳೆ ಬುಲೆಟ್ 350. ಕ್ಲಚ್ ಲಿವರ್ ಹತ್ತಿರದಿಂದ.]

ನಮಸ್ಕಾರ. ಹಳೆ ಬುಲೆಟ್ ತಗೊಂಡು ಗ್ಯಾರೇಜಿಗೆ ಹೋಗಿ "ಕ್ಲಚ್ ಯಾಕೋ ಸರಿ ಇಲ್ಲ" ಅಂದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ. "ಪ್ಲೇಟ್ ಹೋಗಿದೆ ಸಾರ್, ಹೊಸದು ಹಾಕೋಣ." ಹಾಕಿಸುತ್ತೀರಿ. ಕೆಲವು ದಿನ ಚೆನ್ನಾಗಿರುತ್ತದೆ. ಆಮೇಲೆ ಮತ್ತೆ ಅದೇ ಕಥೆ.

ಪ್ಲೇಟ್ ಅನ್ನೋದು ಕೊನೆಗೆ ನೋಡಬೇಕಾದದ್ದು. ಅದಕ್ಕೂ ಮೊದಲು ವೈರ್, ರಾಡ್, ಆಯಿಲ್, ಸ್ಪ್ರಿಂಗ್ ನೋಡಬೇಕು. ಇವತ್ತು ಅದೇ ಕ್ರಮದಲ್ಲಿ ಹೋಗೋಣ.

ನಾನು ಹೇಳುತ್ತಿರುವುದು ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್ ಇರುವ, 4 ಗೇರಿನ, ಕಾಸ್ಟ್ ಐರನ್ (ಎರಕದ ಕಬ್ಬಿಣದ) ಇಂಜಿನ್ ಇರುವ ಬುಲೆಟ್ ಬಗ್ಗೆ. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ಈ ಗಾಡಿ 1955ರಲ್ಲಿ ಮದ್ರಾಸಿಗೆ ಬಂತು. ಅಲ್ಲಿಂದ ಮುಂದೆ ದಶಕಗಳ ಕಾಲ ಮೂಲ ವಿನ್ಯಾಸ ಹೆಚ್ಚು ಬದಲಾಗಲೇ ಇಲ್ಲ. ಅದರಿಂದ ನಮಗೊಂದು ಅನುಕೂಲ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಇವತ್ತಿಗೂ ಬಿಡಿಭಾಗ ಸಿಗುತ್ತವೆ. ಆದರೆ ಎಲ್ಲವೂ ಒಂದೇ ಗುಣಮಟ್ಟದವಲ್ಲ, ಹುಷಾರು.

[ದೃಶ್ಯ: ಗಾಡಿಯ ಬಲಭಾಗ, ಗೇರ್ ಬಾಕ್ಸ್. ಆಮೇಲೆ ಎಡಭಾಗ, ಪ್ರೈಮರಿ ಕವರ್.]

ಮೊದಲು ಒಳಗೆ ಏನಾಗುತ್ತದೆ ನೋಡಿ. ಕ್ಲಚ್ ಇರುವುದು ಎಡಗಡೆ, ಪ್ರೈಮರಿ ಕವರ್ ಒಳಗೆ, ಆಯಿಲ್‌ನಲ್ಲಿ. ಆದರೆ ಕ್ಲಚ್ ವೈರ್ ಹೋಗುವುದು ಬಲಗಡೆ, ಗೇರ್ ಬಾಕ್ಸಿಗೆ. ಅಲ್ಲಿ ಒಂದು ಸಣ್ಣ ಲಿವರ್ ಇದೆ. ನೀವು ಹ್ಯಾಂಡಲ್‌ನಲ್ಲಿ ಕ್ಲಚ್ ಹಿಡಿದಾಗ ಆ ಲಿವರ್ ಒಂದು ಉದ್ದದ ರಾಡ್ ತಳ್ಳುತ್ತದೆ. ಗೇರ್ ಬಾಕ್ಸಿನ ಮೇನ್ ಶಾಫ್ಟ್ ಟೊಳ್ಳು. ಅದರ ಒಳಗಿಂದ ರಾಡ್ ಹಾದು ಎಡಗಡೆಗೆ ಬಂದು, ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿದಿರುವ ಪ್ರೆಷರ್ ಪ್ಲೇಟನ್ನು ಹೊರಕ್ಕೆ ತಳ್ಳುತ್ತದೆ. ಆಗ ಪ್ಲೇಟ್‌ಗಳು ಬಿಡಿಸಿಕೊಳ್ಳುತ್ತವೆ. ಪ್ರೆಷರ್ ಪ್ಲೇಟ್ ಏಳುವುದೇ ಬಹಳ ಕಡಿಮೆ. ಹಾಗಾಗಿ ದಾರಿಯಲ್ಲಿ ಎಲ್ಲೇ ಸ್ವಲ್ಪ ಸವೆದಿದ್ದರೂ ಕ್ಲಚ್ ಮೇಲೆ ಪರಿಣಾಮ ಆಗುತ್ತದೆ.

ಕ್ಲಚ್ ತೊಂದರೆ ಎರಡು ತರಹ. ಒಂದು, ಸರಿಯಾಗಿ ಹಿಡಿಯುವುದಿಲ್ಲ, ಅಂದರೆ ಸ್ಲಿಪ್. ಇನ್ನೊಂದು, ಸರಿಯಾಗಿ ಬಿಡುವುದಿಲ್ಲ, ಅಂದರೆ ಡ್ರ್ಯಾಗ್. ಎರಡಕ್ಕೂ ಮದ್ದು ಉಲ್ಟಾ. ಒಂದಕ್ಕೆ ಮಾಡುವ ಅಡ್ಜಸ್ಟ್‌ಮೆಂಟ್ ಇನ್ನೊಂದನ್ನು ಜಾಸ್ತಿ ಮಾಡುತ್ತದೆ. ಹಾಗಾಗಿ ಸ್ಪ್ಯಾನರ್ ಕೈಗೆ ತಗೊಳ್ಳುವ ಮೊದಲು ನಿಮ್ಮ ಗಾಡಿಯದ್ದು ಯಾವುದು ಅಂತ ಗೊತ್ತಾಗಲೇಬೇಕು.

[ದೃಶ್ಯ: ಕಿಕ್ಕರ್ ಒತ್ತುವ ಕಾಲು, ನಿಧಾನ ಗತಿಯಲ್ಲಿ.]

ಸ್ಲಿಪ್ ಕಂಡುಹಿಡಿಯಲು ರಸ್ತೆಗೇ ಹೋಗಬೇಕಿಲ್ಲ. ಡಿಕಂಪ್ರೆಸರ್ (ಇಂಜಿನ್ ಒಳಗಿನ ಒತ್ತಡ ಬಿಡುವ ಸಣ್ಣ ಲಿವರ್) ಒತ್ತದೆ, ಕ್ಲಚ್ ಹಿಡಿಯದೆ ಕಿಕ್ಕರ್ ಮೇಲೆ ಭಾರ ಬಿಡಿ. ಬುಲೆಟ್‌ನಲ್ಲಿ ಕಿಕ್ಕಿನ ಬಲ ಕ್ಲಚ್ ಮೂಲಕವೇ ಇಂಜಿನ್‌ಗೆ ಹೋಗುತ್ತದೆ. ಕ್ಲಚ್ ಗಟ್ಟಿ ಇದ್ದರೆ ಕಂಪ್ರೆಷನ್ ಕಾಲಿಗೆ ತಡೆ ಕೊಡುತ್ತದೆ. ಇಂಜಿನ್ ತಿರುಗದೆ ಕಿಕ್ಕರ್ ಮಾತ್ರ ಮೆತ್ತಗೆ ಜಾರಿ ಕೆಳಗೆ ಹೋದರೆ ಸ್ಲಿಪ್. ಆದರೆ "ಕಟಕ್ ಕಟಕ್" ಅಂತ ಶಬ್ದ ಮಾಡಿ ಜಾರಿದರೆ ಅದು ಕ್ಲಚ್ ಅಲ್ಲ, ಕಿಕ್ಕರಿನ ರ್ಯಾಚೆಟ್ ಹಲ್ಲು ಸವೆದಿದೆ. ಇದನ್ನು ಗೊಂದಲ ಮಾಡಿಕೊಂಡು ಸುಮ್ನೆ ಕ್ಲಚ್ ಬಿಚ್ಚಿಸಿದವರು ತುಂಬಾ ಜನ.

ರಸ್ತೆಯಲ್ಲಾದರೆ ಏರು ಹತ್ತುವಾಗ ಗೊತ್ತಾಗುತ್ತದೆ. ಚಾರ್ಮಾಡಿ ಘಾಟಿಯಲ್ಲೋ ನಂದಿ ಬೆಟ್ಟದಲ್ಲೋ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಕೂಗು ಏರುತ್ತದೆ, ಗಾಡಿ ಏರುವುದಿಲ್ಲ. ಜೊತೆಗೆ ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ, ತಣ್ಣಗಾಗಲು ಬಿಡಿ.

ಡ್ರ್ಯಾಗ್ ಬೇರೆ ತರಹ ಕಾಟ ಕೊಡುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಪೂರ್ತಿ ಹಿಡಿದಿದ್ದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ನ್ಯೂಟ್ರಲ್ ಸಿಗುವುದೇ ಇಲ್ಲ, ಇಂಜಿನ್ ಆಫ್ ಮಾಡಿದ ತಕ್ಷಣ ಸಿಗುತ್ತದೆ. ಮೊದಲನೇ ಗೇರ್ ಹಾಕಿದಾಗ "ಖಡ್" ಅಂತ ಹೊಡೆಯುತ್ತದೆ.

ಒಂದು ವಿನಾಯಿತಿ. ಬೆಳಿಗ್ಗೆ ಮೊದಲನೇ ಸಲ "ಖಡ್" ಅಂದರೆ ಅದನ್ನು ರೋಗ ಅಂತ ತಿಳಿಯಬೇಡಿ. ರಾತ್ರಿಯೆಲ್ಲ ನಿಂತಾಗ ಪ್ಲೇಟ್‌ಗಳು ಆಯಿಲ್ ಸಮೇತ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒದ್ದೆ ಗಾಜಿನ ಎರಡು ತುಂಡು ಅಂಟಿದ ಹಾಗೆ. ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಹಿಡಿದುಕೊಂಡೇ ಎರಡು ಮೂರು ಸಲ ಕಿಕ್ಕರ್ ಒತ್ತಿ. ಕಾಲಿಗೆ ತಡೆ ಸಿಗದೆ ಕಿಕ್ಕರ್ ಸಲೀಸಾಗಿ ಇಳಿದರೆ ಪ್ಲೇಟ್ ಬಿಟ್ಟಿದೆ ಅಂತ ಅರ್ಥ. ಹಳೆ ಬುಲೆಟ್ ಸವಾರರು ಇದನ್ನು ದಿನಾ ಮಾಡುತ್ತಾರೆ. ನೀವೂ ಅಭ್ಯಾಸ ಮಾಡಿಕೊಳ್ಳಿ.

[ದೃಶ್ಯ: ಗೇರ್ ಬಾಕ್ಸ್ ಕವರ್ ಮೇಲಿನ ಸಣ್ಣ ಮುಚ್ಚಳ. ಎರಡು ಸ್ಕ್ರೂ ಬಿಚ್ಚುವ ಕೈ.]

ಈಗ ಕೆಲಸಕ್ಕೆ ಬರೋಣ. ಮೊದಲು ಅಡ್ಜಸ್ಟ್‌ಮೆಂಟ್. ಹೆಚ್ಚಿನವರು ವೈರಿನ ಅಡ್ಜಸ್ಟರ್ ಮಾತ್ರ ತಿರುಗಿಸುತ್ತಾರೆ. ವರ್ಷಗಟ್ಟಲೆ ಅದನ್ನೇ ತಿರುಗಿಸಿದರೆ ಗೇರ್ ಬಾಕ್ಸ್ ಒಳಗಿನ ಲಿವರ್ ವಾರೆಯಾಗಿ ನಿಲ್ಲುತ್ತದೆ. ಆಗ ನೀವು ಎಷ್ಟು ಗಟ್ಟಿಯಾಗಿ ಹಿಡಿದರೂ ರಾಡ್ ಪೂರ್ತಿ ಚಲಿಸುವುದಿಲ್ಲ. ಕ್ಲಚ್ ಭಾರ ಆಗುತ್ತದೆ, ಬಿಡುವುದೂ ಇಲ್ಲ.

ಸರಿಯಾದ ಕ್ರಮ ಹೀಗೆ. ವೈರಿನ ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿ. ಗೇರ್ ಬಾಕ್ಸ್ ಕವರಿನ ಸಣ್ಣ ಮುಚ್ಚಳ ತೆಗೆಯಿರಿ. ಒಳಗೆ ಸ್ಕ್ರೂ, ಅದರ ಮೇಲೆ ಚೆಕ್ ನಟ್ ಕಾಣುತ್ತದೆ. ಚೆಕ್ ನಟ್ ಸಡಿಲಿಸಿ, ಸ್ಕ್ರೂ ರಾಡಿಗೆ ತಾಗುವವರೆಗೆ ಮೆಲ್ಲಗೆ ಒಳಗೆ ತಿರುಗಿಸಿ. ತಾಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ಬನ್ನಿ. ಸ್ಕ್ರೂ ಅಲುಗದ ಹಾಗೆ ಹಿಡಿದು ಚೆಕ್ ನಟ್ ಬಿಗಿ ಮಾಡಿ. ಆಮೇಲೆ ವೈರಿನ ಅಡ್ಜಸ್ಟರ್‌ಗೆ ಬನ್ನಿ. ಹ್ಯಾಂಡಲ್ ಲಿವರ್‌ನಲ್ಲಿ 2ರಿಂದ 3 ಮಿ.ಮೀ. ಆಟ, ಅಂದರೆ ಸಡಿಲ, ಉಳಿಯಬೇಕು. ಆಟ ಇಲ್ಲದಿದ್ದರೆ ರಾಡ್ ಯಾವಾಗಲೂ ಪ್ರೆಷರ್ ಪ್ಲೇಟನ್ನು ಸ್ವಲ್ಪ ತಳ್ಳುತ್ತಲೇ ಇರುತ್ತದೆ. ಹೊಸ ಪ್ಲೇಟ್ ಹಾಕಿದರೂ ಸುಟ್ಟುಹೋಗುವುದು ಇದರಿಂದಲೇ.

ಇಷ್ಟಕ್ಕೇ ಸರಿಹೋಗುವ ಗಾಡಿಗಳು ಬೇಕಾದಷ್ಟಿವೆ. ವೈರಿನ ತುದಿಯಲ್ಲಿ ಎಳೆ ಬಿಚ್ಚಿದ್ದರೆ, ಒಳಗೆ ತುಕ್ಕು ಹಿಡಿದು ಗರಗರ ಅನ್ನುತ್ತಿದ್ದರೆ ವೈರ್ ಬದಲಿಸಿ. ದೂರ ಹೋಗುವಾಗ ಒಂದು ಸ್ಪೇರ್ ಕ್ಲಚ್ ವೈರ್ ಜೊತೆಗಿರಲಿ.

ಮುಂದಿನದು ಆಯಿಲ್. ಪ್ರೈಮರಿ ಕವರಿನಲ್ಲಿ ಲೆವೆಲ್ ಸ್ಕ್ರೂ ಇದೆ. ಗಾಡಿ ನೇರ ನಿಂತಾಗ ಅದರ ತೂತಿನ ಮಟ್ಟಕ್ಕೆ ಆಯಿಲ್ ಇದ್ದರೆ ಸಾಕು. ಕಾರಿನ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುತ್ತದೆ, ಅದರಿಂದ ಪ್ಲೇಟ್ ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ (JASO MA, ಆಯಿಲ್‌ನಲ್ಲಿರುವ ಕ್ಲಚ್‌ಗೆ ಹೊಂದುವ ಬೈಕ್ ಆಯಿಲ್) ಗುರುತು ನೋಡಿ ತಗೊಳ್ಳಿ. ನೀವು ಹಾಕದಿದ್ದರೂ ಲೆವೆಲ್ ಏರುತ್ತಿದ್ದರೆ ಇಂಜಿನ್ ಕಡೆಯ ಸೀಲ್ ಮೇಲೆ ಅನುಮಾನ ಪಡಬೇಕು. ಗೇರ್ ಆಯಿಲ್‌ನ ಘಾಟು ವಾಸನೆ ಬಂದರೆ, ಗೇರ್ ಬಾಕ್ಸಿನಿಂದ ರಾಡ್ ದಾರಿಯಾಗಿ ಬರುತ್ತಿರಬಹುದು. ಸೋರಿಕೆ ನಿಲ್ಲಿಸದೆ ಹೊಸ ಪ್ಲೇಟ್ ಹಾಕಿದರೆ ದುಡ್ಡು ದಂಡ.

[ದೃಶ್ಯ: ಎಡಗಡೆ ಟ್ರೇ ಇಟ್ಟು ಕವರ್ ತೆಗೆಯುವುದು. ಆಯಿಲ್ ಸುರಿಯುತ್ತದೆ.]

ಇನ್ನೂ ಸರಿಹೋಗಿಲ್ಲ ಅಂದರೆ ಕವರ್ ತೆಗೆಯಲೇಬೇಕು. ಎಡಗಡೆ ಫುಟ್ ರೆಸ್ಟ್ ತೆಗೆಯಿರಿ, ಬ್ರೇಕ್ ಪೆಡಲ್ ಅಡ್ಡ ಬಂದರೆ ಅದನ್ನೂ ತೆಗೆಯಿರಿ. ಹಳೆ ಮಾಡೆಲ್‌ಗಳಲ್ಲಿ ಇಷ್ಟು ದೊಡ್ಡ ಕವರ್ ನಿಂತಿರುವುದು ನಡುವಿನ ಒಂದೇ ಒಂದು ನಟ್ ಮೇಲೆ. ಎಂಥ ಚೆಂದದ ಕೆಲಸ ಅಲ್ವಾ! ಆದರೆ ಲೀಕ್ ನಿಲ್ಲಲಿ ಅಂತ ಆ ನಟ್ ಜೋರಾಗಿ ಬಿಗಿದರೆ ಕವರ್ ಡೊಂಕಾಗಿ ಲೀಕ್ ಇನ್ನೂ ಜಾಸ್ತಿ ಆಗುತ್ತದೆ. ಸೀಲ್ ರಬ್ಬರ್ ಹೊಸದು ಹಾಕಿ, ಹದವಾಗಿ ಬಿಗಿಯಿರಿ.

ಕವರ್ ತೆಗೆದ ಮೇಲೆ, ಏನನ್ನೂ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ. ಇಗ್ನಿಷನ್ ಆಫ್ ಇರಲಿ. ಒಬ್ಬರು ಕ್ಲಚ್ ಹಿಡಿದು ಕಿಕ್ಕರ್ ನಿಧಾನ ಒತ್ತಲಿ, ಇನ್ನೊಬ್ಬರು ಪ್ರೆಷರ್ ಪ್ಲೇಟ್ ಅಂಚನ್ನು ನೋಡಲಿ. ಅದು ಸಮವಾಗಿ ಏಳಬೇಕು, ಓಲಾಡಬಾರದು. ಒಂದು ಕಡೆ ಜಾಸ್ತಿ ಎದ್ದು ಇನ್ನೊಂದು ಕಡೆ ಏಳದಿದ್ದರೆ ಡ್ರ್ಯಾಗ್‌ನ ಕಾರಣ ನಿಮ್ಮ ಕಣ್ಣೆದುರೇ ಇದೆ. ಮೂರು ಸ್ಪ್ರಿಂಗ್ ತೆಗೆದು ಸಮತಟ್ಟಾದ ಜಾಗದಲ್ಲಿ ಪಕ್ಕಪಕ್ಕ ನಿಲ್ಲಿಸಿ. ಒಂದು ಗಿಡ್ಡ ಇದ್ದರೂ ಮೂರನ್ನೂ ಒಟ್ಟಿಗೆ ಬದಲಿಸಿ.

ಈಗ ಪ್ಲೇಟ್‌ಗಳು. ಒಂದೊಂದೇ ತೆಗೆಯುತ್ತಾ ಬಂದ ಕ್ರಮದಲ್ಲೇ ಜೋಡಿಸಿಡಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಡಿ. ಅಂಚು ಒತ್ತಿದಾಗ ಕುಲುಕಿದರೆ ಸೊಟ್ಟ ಆಗಿದೆ, ನೀಲಿ ಬಣ್ಣ ಬಂದಿದ್ದರೆ ಸುಟ್ಟಿದೆ. ಎರಡಕ್ಕೂ ಹೊಸದೇ ಬೇಕು. ಫ್ರಿಕ್ಷನ್ ಪ್ಲೇಟ್, ಅಂದರೆ ಹಿಡಿತಕ್ಕೆ ಲೈನಿಂಗ್ ಇರುವ ಪ್ಲೇಟ್, ಕನ್ನಡಿಯ ಹಾಗೆ ಹೊಳೆಯುತ್ತಿದ್ದು, ದಪ್ಪ ಇನ್ನೂ ಇದ್ದರೆ ಎಸೆಯಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು, ಎಮರಿ ಪೇಪರ್ ಮೇಲೆ ಹಗುರವಾಗಿ ಉಜ್ಜಿ. ಒದ್ದೆ ಇರುವಾಗಲೇ ಉಜ್ಜಿ, ಏರ್ ಹೊಡೆಯಬೇಡಿ. ಹಳೆ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಲೈನಿಂಗ್ ಕಿತ್ತುಬಂದಿದ್ದರೆ, ಸವೆದು ತೆಳ್ಳಗಾಗಿದ್ದರೆ, ಆಗ ಖಂಡಿತ ಬದಲಿಸಿ.

[ದೃಶ್ಯ: ಡ್ರಮ್ಮಿನ ಒಳಗೆ ಬೆರಳಾಡಿಸುವುದು.]

ಪ್ಲೇಟ್‌ಗಳು ಕೂರುವ ಡಬ್ಬಿಯಂಥ ಭಾಗವೇ ಡ್ರಮ್. ಅದರಲ್ಲಿ ಪ್ಲೇಟಿನ ಕಿವಿಗಳು (ಅಂಚಿನಿಂದ ಚಾಚಿದ ತುಂಡುಗಳು) ಕೂರುವ ಜಾಗದಲ್ಲಿ ಬೆರಳಾಡಿಸಿ. ವರ್ಷಗಟ್ಟಲೆ ಹೊಡೆದು ಹೊಡೆದು ಅಲ್ಲಿ ತಗ್ಗು ಬಿದ್ದಿರುತ್ತದೆ. ಪ್ಲೇಟ್ ಆ ತಗ್ಗಿನಲ್ಲಿ ಸಿಕ್ಕಿಕೊಂಡರೆ ಬಿಡುವುದಿಲ್ಲ. ನುಣುಪು ಅರದಿಂದ ಸಮ ಮಾಡಿ. ತಗ್ಗು ಆಳವಾಗಿದ್ದರೆ ಡ್ರಮ್ ಬದಲಿಸುವುದೇ ಒಳ್ಳೆಯದು. ಗ್ಯಾರೇಜಿನ ಅವಸರದಲ್ಲಿ ಈ ತಗ್ಗನ್ನು ಯಾರೂ ಮುಟ್ಟಿ ನೋಡುವುದಿಲ್ಲ, ಹೊಸ ಪ್ಲೇಟ್ ಹಾಕಿದ ಮೇಲೂ ನ್ಯೂಟ್ರಲ್ ಸಿಗದಿರಲು ಇದೂ ಒಂದು ಕಾರಣ. ಕ್ಲಚ್ ರಾಡ್ ಹೊರಗೆ ತೆಗೆದು ಎರಡೂ ತುದಿ ನೋಡಿ. ಅಣಬೆಯ ಹಾಗೆ ಅಗಲವಾಗಿದ್ದರೆ ಹೊಸದು ಹಾಕಿ.

ಜೋಡಿಸುವಾಗ ಹೊಸ ಪ್ಲೇಟ್‌ಗಳನ್ನು ಆಯಿಲ್‌ನಲ್ಲಿ ಅದ್ದಿ ಹಾಕಿ. ಸ್ಪ್ರಿಂಗ್ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಕವರ್ ಹಾಕುವ ಮೊದಲು ಪ್ರೆಷರ್ ಪ್ಲೇಟ್ ಸಮವಾಗಿ ಏಳುತ್ತದೆಯೇ ಅಂತ ಮತ್ತೊಮ್ಮೆ ಕಿಕ್ಕರ್ ಒತ್ತಿ ನೋಡಿ. ಪ್ಲೇಟ್‌ಗಳ ಒಟ್ಟು ದಪ್ಪ ಬದಲಾಗಿರುತ್ತದೆ, ಹಾಗಾಗಿ ಗೇರ್ ಬಾಕ್ಸ್ ಕಡೆಯ ಸ್ಕ್ರೂ ಅಡ್ಜಸ್ಟ್‌ಮೆಂಟ್ ಮೊದಲಿಂದ ಮಾಡಬೇಕು. ಮೊದಲ 50 ಕಿ.ಮೀ. ಓಡಿಸಿದ ಮೇಲೆ ಪ್ಲೇಟ್ ಕೂರುತ್ತದೆ, ಹೊಸ ವೈರ್ ಆಗಿದ್ದರೆ ಅದೂ ಸ್ವಲ್ಪ ಹಿಗ್ಗುತ್ತದೆ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಲಿವರಿನ ಆಟ ಇನ್ನೊಮ್ಮೆ ಅಳೆಯಿರಿ, ಪ್ರೈಮರಿ ಆಯಿಲ್ ಲೆವೆಲ್ ಕೂಡ ನೋಡಿ.