ಫೋಟೋ ಹುಡುಕಬೇಕು, ಅಸಲು ಹಾಗೇ ಇರಬೇಕು

ಕೇಳುಗರಿಗೆ ನಮಸ್ಕಾರ.

ಎಷ್ಟೋ ಮನೆಗಳಲ್ಲಿ ಈಗ ಒಂದು ಹಾರ್ಡ್ ಡಿಸ್ಕ್ ಇರುತ್ತದೆ. ಹಳೆಯ ಕ್ಯಾಮೆರಾದಿಂದ ಇಳಿಸಿಕೊಂಡವು, ಕೆಟ್ಟುಹೋದ ಮೊಬೈಲುಗಳಿಂದ ಉಳಿಸಿಕೊಂಡವು, ಅಜ್ಜನ ಕಾಲದ ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿಸಿದವು, ಎಲ್ಲ ಅದರಲ್ಲೇ. ಅಕ್ಕನ ಮದುವೆಯ ದಿಬ್ಬಣದ ಫೋಟೋ ಬೇಕೆಂದು ತೆರೆದರೆ ಐಎಂಜಿ, ಡಿಎಸ್‌ಸಿ ಎಂದು ಶುರುವಾಗುವ ಸಾವಿರಾರು ಹೆಸರುಗಳು.

ಈ ತಾಪತ್ರಯಕ್ಕೇ ಬಹಳ ಮಂದಿ ಗೂಗಲ್ ಫೋಟೋಸ್‌ಗೆ ಎಲ್ಲವನ್ನೂ ಏರಿಸಿದರು. ಬೇಕಾದ್ದನ್ನು ಮಾತಿನಲ್ಲಿ ಟೈಪ್ ಮಾಡಿದರೆ ಅದು ಫೋಟೋ ಹುಡುಕಿ ಕೊಡುತ್ತದೆ. 2015ರಲ್ಲಿ ಅದು ಬಂದಾಗ ಜಾಗಕ್ಕೆ ಮಿತಿಯೇ ಇರಲಿಲ್ಲ, ಕಾಸೂ ಇರಲಿಲ್ಲ. 2021ರ ಜೂನ್ 1ರಿಂದ ಹೊಸ ಫೋಟೋಗಳು 15 ಜಿಬಿಯ ಲೆಕ್ಕಕ್ಕೆ ಸೇರಿದವು. ಹಣದ ಮಾತು ಹಾಗಿರಲಿ. ಆ ಪುಕ್ಕಟೆ ಜಾಗಕ್ಕೆ ಹೋದ ಚಿತ್ರಗಳನ್ನು ಕುಗ್ಗಿಸಿ ಇಡಲಾಗುತ್ತಿತ್ತು, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದನ್ನು ಅಷ್ಟಕ್ಕೇ ಇಳಿಸಲಾಗುತ್ತಿತ್ತು. ಮೊಬೈಲಿನಲ್ಲಿದ್ದ ಪ್ರತಿಯನ್ನು ಅಳಿಸಿದವರಿಗೆ ಅಸಲು ಎಂಬುದೇ ಉಳಿಯಲಿಲ್ಲ. ನನಗೆ ನೋವೆನಿಸುವುದು ಇದು.

ಅದೇ ಹುಡುಕಾಟ ಮನೆಯ ಕಂಪ್ಯೂಟರಿನಲ್ಲೇ ಸಾಧ್ಯವಿದೆ. ಇಮ್ಮಿಚ್, ಫೋಟೋಪ್ರಿಸಂ ಎಂಬ ತಂತ್ರಾಂಶಗಳಿವೆ. ಅವುಗಳ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿದೆ. 8 ಜಿಬಿ ರ‍್ಯಾಮ್ ಇರುವ, ಮೂಲೆ ಸೇರಿದ ಲ್ಯಾಪ್‌ಟಾಪ್ ಇದ್ದರೆ ಒಂದು ಕುಟುಂಬಕ್ಕೆ ಸಾಕು. ಇವತ್ತು ಇಮ್ಮಿಚ್ ಬಗ್ಗೆ ಹೇಳುತ್ತೇನೆ.

ಇದರ ಹುಡುಕಾಟದ ಹಿಂದಿರುವುದು ಕ್ಲಿಪ್ ಎಂಬ ವಿಧಾನ. ಓಪನ್ಎಐ ಕಂಪನಿ 2021ರಲ್ಲಿ ಪ್ರಕಟಿಸಿದ್ದು. ಪ್ರತಿ ಫೋಟೋವನ್ನೂ ಓದಿ ಅದು ಸಂಖ್ಯೆಗಳ ಒಂದು ಸಾಲು ಮಾಡುತ್ತದೆ. ಹೀಗೆ ಓದಲು ಕಲಿತ ತಂತ್ರಾಂಶಕ್ಕೆ ಮಾದರಿ ಎನ್ನುತ್ತಾರೆ. ನಾವು ಬದಲಿಸದಿದ್ದರೆ ಇಮ್ಮಿಚ್ ಬಳಸುವ ಮಾದರಿಯಲ್ಲಿ 512 ಸಂಖ್ಯೆಗಳು. ನಾವು ಟೈಪ್ ಮಾಡಿದ ಮಾತೂ ಅಂಥದೇ ಸಾಲಾಗುತ್ತದೆ. ಯಾವ ಚಿತ್ರದ ಸಾಲು ಇದಕ್ಕೆ ಹತ್ತಿರವೋ ಅದು ಮೇಲೆ ಬರುತ್ತದೆ. ಆ ಮಾದರಿಗೆ ಇಂಗ್ಲಿಷ್ ಬೇಕು. ಆದರೆ ಎನ್‌ಎಲ್‌ಎಲ್‌ಬಿ ಹೆಸರಿನ ಬಹುಭಾಷಾ ಮಾದರಿಯನ್ನು ಆರಿಸಿಕೊಂಡರೆ ಕನ್ನಡದಲ್ಲೇ ‘ಎತ್ತಿನ ಗಾಡಿ’ ಎಂದು ಕೇಳಬಹುದು. ಕಂಪ್ಯೂಟರಿಗೆ ಕೆಲಸ ಹೆಚ್ಚು, ಆದರೂ ಮನೆಯ ಹಿರಿಯರು ತಾವೇ ಹುಡುಕಬೇಕೆಂದಿದ್ದರೆ ನಾನು ಇದನ್ನೇ ಹಾಕಿ ಎನ್ನುತ್ತೇನೆ.

ಈ ಸಂಖ್ಯೆಗಳು, ಮುಖಗಳಿಗೆ ನಾವು ಕೊಟ್ಟ ಹೆಸರುಗಳು, ಆಲ್ಬಮ್‌ಗಳು, ಎಲ್ಲ ಡೇಟಾಬೇಸಿನಲ್ಲಿ ಇರುತ್ತವೆ. ಪುಟ್ಟ ನೋಟದ ಚಿತ್ರಗಳಿಗೆ ಬೇರೆ ಫೋಲ್ಡರ್. ಲೈಬ್ರರಿಯಲ್ಲಿ ಪುಸ್ತಕದ ಮೇಲೆ ಗೀಚದೆ ಕಾರ್ಡಿನಲ್ಲಿ ಬರೆದಿಡುವ ಹಾಗೆ.

ಅಸಲನ್ನು ಮುಟ್ಟುವುದಿಲ್ಲ ಎಂಬ ನಂಬಿಕೆಯೊಂದೇ ಸಾಲದು, ಬೀಗವೂ ಬೇಕು. ನಿಮ್ಮ ಹಳೆಯ ಫೋಲ್ಡರನ್ನು ‘ಎಕ್ಸ್‌ಟರ್ನಲ್ ಲೈಬ್ರರಿ’ ಎಂದು ಜೋಡಿಸಿ, ಆಗ ಫೋಟೋಗಳು ಇದ್ದ ಜಾಗದಲ್ಲೇ ಇರುತ್ತವೆ. ಇಮ್ಮಿಚ್ ಓಡುವುದು ಡಾಕರ್ ಒಳಗೆ, ಅಂದರೆ ತಂತ್ರಾಂಶವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆಯಲ್ಲಿ. ಅದರ ಸೆಟ್ಟಿಂಗ್ ಕಡತದಲ್ಲಿ ಆ ಫೋಲ್ಡರಿನ ದಾರಿ ಬರೆದ ಸಾಲಿನ ಕೊನೆಗೆ ಕೋಲನ್ ಚಿಹ್ನೆ ಹಾಕಿ ಆರ್, ಓ ಎಂಬ ಎರಡಕ್ಷರ ಸೇರಿಸಿ. ಓದಬಹುದು, ಬರೆಯುವಂತಿಲ್ಲ ಎಂದು ಅದರರ್ಥ. ಇದಿಲ್ಲದೆ ಯಾರಾದರೂ ಫೋಟೋ ಅಳಿಸಿ ಕಸದಬುಟ್ಟಿ ಖಾಲಿ ಮಾಡಿದರೆ ಡಿಸ್ಕಿನ ಅಸಲೂ ಹೋಗುತ್ತದೆ. ಇದ್ದರೆ ಹೋಗುವುದಿಲ್ಲ.

ಇದಕ್ಕೊಂದು ಬೆಲೆಯುಂಟು. ವಿವರಣೆ, ದಿನಾಂಕ ತಿದ್ದಿದರೆ ಇಮ್ಮಿಚ್ ಅದನ್ನು ಫೋಟೋ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಸಣ್ಣ ಕಡತವಾಗಿ ಇಡಲು ನೋಡುತ್ತದೆ. ಬೀಗ ಹಾಕಿದ ಫೋಲ್ಡರಿನಲ್ಲಿ ಅದಾಗದು. ಹಾಗಾಗಿ ದಿನಾಂಕಗಳನ್ನು ಮೊದಲೇ ಸರಿಮಾಡಿಕೊಂಡು ಆಮೇಲೆ ಬೀಗ ಹಾಕುವುದು ಒಳ್ಳೆಯದು. ಇನ್ನೊಂದು: ಕಡತವನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಅದು ಹೊಸ ಫೋಟೋ ಎಂದೇ ಲೆಕ್ಕವಾಗಿ, ಆಲ್ಬಮ್ಮಿನಿಂದ ಕಳಚಿಹೋಗುತ್ತದೆ.

ಅಸಲು ನಿಜಕ್ಕೂ ಹಾಗೇ ಇದೆಯೇ ಎಂದು ನೋಡಲು ‘ಶಾ256ಸಮ್’ ಎಂಬ ಆಜ್ಞೆ ಲಿನಕ್ಸಿನಲ್ಲಿ ಸಿಗುತ್ತದೆ. ಪ್ರತಿ ಕಡತಕ್ಕೂ 64 ಅಕ್ಷರಗಳ ಗುರುತು ಕೊಡುತ್ತದೆ. ಒಂದು ಬಿಟ್ ಬದಲಾದರೂ ಗುರುತು ಪೂರಾ ಬೇರೆ. ಇಮ್ಮಿಚ್ ಜೋಡಿಸುವ ಮೊದಲು ಪಟ್ಟಿ ತೆಗೆದಿಡಿ, ವರ್ಷಕ್ಕೊಮ್ಮೆ ತಾಳೆ ನೋಡಿ. ಸಾಲು ಸಾಲಾಗಿ ‘ಓಕೆ’ ಎಂದು ಬರಬೇಕು.

ಇಷ್ಟಾದರೂ ಡಿಸ್ಕ್ ಒಂದು ದಿನ ಕೆಡಬಹುದು. ಫೋಟೋಗಳ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಇಮ್ಮಿಚ್ ದಿನವೂ ತನ್ನ ಡೇಟಾಬೇಸಿನ ಬ್ಯಾಕಪ್ ಮಾಡಿ ‘ಬ್ಯಾಕಪ್ಸ್’ ಫೋಲ್ಡರಿನಲ್ಲಿ ಇಡುತ್ತದೆ. ಅದನ್ನೂ ಜೊತೆಗೆ ಕಳಿಸಿ. ಯಾವ ಮುಖ ಯಾರದು ಎಂದು ನಿಮ್ಮ ಅಮ್ಮ ಪಕ್ಕದಲ್ಲಿ ಕೂತು ಹೇಳಿ ಬರೆಸಿದ ಹೆಸರುಗಳೆಲ್ಲ ಇರುವುದು ಅದರಲ್ಲೇ.

ನಮಸ್ಕಾರ.