ಮಧ್ಯಮಾವಧಿ ಇನ್ಸುಲಿನ್: ಮನೆಯವರಿಗೂ ಮನೆಯ ನಾಯಿಗೂ

ಸಭೆಯಲ್ಲಿರುವ ಹಿರಿಯರಿಗೆ, ತಾಯಂದಿರಿಗೆ, ಗೆಳೆಯರಿಗೆ ನಮಸ್ಕಾರ.

ನಾನು ಪಶುವೈದ್ಯ. ಸಕ್ಕರೆ ಕಾಯಿಲೆಯ ಬಗ್ಗೆ ಮನುಷ್ಯರಿಗೆ ಹೇಳಲು ಪಶುವೈದ್ಯ ಏಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ನನ್ನಲ್ಲಿಗೆ ಬರುವ ಕೆಲವು ಮನೆಗಳ ಫ್ರಿಜ್‌ನಲ್ಲಿ ಈಗ ಎರಡು ಇನ್ಸುಲಿನ್‌ಗಳಿರುತ್ತವೆ. ಒಂದು ಅಜ್ಜಿಯದು, ಇನ್ನೊಂದು ನಾಯಿಯದು. ಎರಡೂ ಹಾಲಿನಂತೆ ಬೆಳ್ಳಗೆ, ಎರಡೂ ಮಧ್ಯಮಾವಧಿಯವು, ಅಂದರೆ ಸುಮಾರು ಅರ್ಧ ದಿನ ಕೆಲಸ ಮಾಡುವವು. ಆದರೆ ಎರಡರ ಸಾಂದ್ರತೆ, ಅಂದರೆ ಒಂದು ಮಿಲಿಲೀಟರ್‌ನಲ್ಲಿರುವ ಔಷಧದ ಪ್ರಮಾಣ, ಒಂದೇ ಆಗಿರಬೇಕೆಂದಿಲ್ಲ. ಈ ಸಣ್ಣ ವ್ಯತ್ಯಾಸ ಒಂದು ಜೀವವನ್ನೇ ತೆಗೆಯಬಲ್ಲದು ಎಂಬ ಆತಂಕದಿಂದಲೇ ನಾನು ಈ ಆಹ್ವಾನವನ್ನು ಒಪ್ಪಿಕೊಂಡೆ.

ಈ ಔಷಧದ ಚರಿತ್ರೆಯಲ್ಲಿ ನಾವು ನಾಯಿಗಳಿಗೆ ತೀರಿಸಲಾಗದಷ್ಟು ಋಣಿಗಳು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಮೇದೋಜೀರಕ ಗ್ರಂಥಿಯನ್ನು ತೆಗೆದದ್ದು ನಾಯಿಯಲ್ಲಿ. ಆ ನಾಯಿಗೆ ಮಧುಮೇಹ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಇರುವ ಆ ಗ್ರಂಥಿಯ ಸಾರವನ್ನು ಚುಚ್ಚಿ ನೋಡಿದ್ದೂ ನಾಯಿಗಳಿಗೇ. ಮರುವರ್ಷದ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಇನ್ಸುಲಿನ್ ಸಿಕ್ಕಿತು, ಸಾವಿನ ಅಂಚಿನಲ್ಲಿದ್ದ ಹುಡುಗ ಚೇತರಿಸಿಕೊಂಡ.

ಆದರೆ ಆ ಇನ್ಸುಲಿನ್ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತಿತ್ತು. ದಿನಕ್ಕೆ ಮೂರು ನಾಲ್ಕು ಬಾರಿ ಚುಚ್ಚಿಕೊಳ್ಳಬೇಕಿತ್ತು, ನಡುರಾತ್ರಿ ಮಕ್ಕಳನ್ನು ಎಬ್ಬಿಸಿ ಸೂಜಿ ಹಾಕಬೇಕಿತ್ತು. ಡೆನ್ಮಾರ್ಕ್‌ನ ಹಾನ್ಸ್ ಕ್ರಿಶ್ಚಿಯನ್ ಹಾಗೆಡಾರ್ನ್ ಇದಕ್ಕೊಂದು ದಾರಿ ಹುಡುಕಿದ. ಟ್ರೌಟ್ ಮೀನಿನ ವೀರ್ಯದಿಂದ ತೆಗೆದ ಪ್ರೋಟಮಿನ್ ಎಂಬ ಪ್ರೋಟೀನನ್ನು ಇನ್ಸುಲಿನ್‌ಗೆ ಬೆರೆಸಿದರೆ ಅದು ಚರ್ಮದ ಕೆಳಗೆ ನಿಧಾನವಾಗಿ ಕರಗುತ್ತದೆ ಎಂದು 1936ರಲ್ಲಿ ಅವನ ತಂಡ ತೋರಿಸಿಕೊಟ್ಟಿತು. ಇನ್ಸುಲಿನ್ ಮತ್ತು ಪ್ರೋಟಮಿನ್ ಎರಡೂ ಸರಿಯಾದ ಪ್ರಮಾಣದಲ್ಲಿ ಕೂಡಿ ಹರಳುಗಟ್ಟುವ ರೂಪ 1946ರಲ್ಲಿ ಸಿದ್ಧವಾಯಿತು. ಇಂದಿಗೂ ನಾವು ಎನ್‌ಪಿಎಚ್ ಎನ್ನುವುದು ಅದನ್ನೇ. ಎಚ್ ಅಕ್ಷರ ಹಾಗೆಡಾರ್ನ್‌ನದು. 1952ರ ಹೊತ್ತಿಗೆ ಡೆನ್ಮಾರ್ಕ್‌ನಲ್ಲೇ ಸತುವನ್ನು ಬಳಸಿದ ಲೆಂಟೆ ಇನ್ಸುಲಿನ್ ಬಂತು. ಮನುಷ್ಯರ ಚಿಕಿತ್ಸೆಯಿಂದ ಲೆಂಟೆ ಬಹುತೇಕ ಮರೆಯಾಗಿದೆ, ನಾಯಿಗಳಿಗೆ ಮಾತ್ರ ಇನ್ನೂ ಇದೆ. ಅದು ಹಂದಿಯ ಇನ್ಸುಲಿನ್. ಹಂದಿಯ ಇನ್ಸುಲಿನ್ ಮತ್ತು ನಾಯಿಯ ಇನ್ಸುಲಿನ್ ರಚನೆಯಲ್ಲಿ ಒಂದೇ. ಮನುಷ್ಯರದು ಅದಕ್ಕಿಂತ ಒಂದೇ ಒಂದು ಅಮೈನೋ ಆಮ್ಲದಷ್ಟು ಬೇರೆ. ಹೀಗಾಗಿ ಮನುಷ್ಯರ ಎನ್‌ಪಿಎಚ್ ನಾಯಿಗೂ ಕೆಲಸ ಮಾಡುತ್ತದೆ.

ಹೊಸ ಇನ್ಸುಲಿನ್‌ಗಳು ಎಷ್ಟೋ ಬಂದಿವೆ, ಕೆಲವು ಇಪ್ಪತ್ತನಾಲ್ಕು ಗಂಟೆ ಸಮನಾಗಿ ಕೆಲಸ ಮಾಡುತ್ತವೆ. ಆದರೂ ಬೆಲೆಯ ಕಾರಣದಿಂದ ನಮ್ಮ ಬಹುಪಾಲು ಮನೆಗಳಿಗೆ ಎಟಕುವುದು ಎನ್‌ಪಿಎಚ್, ಇಲ್ಲವೇ ಅದರ ಎಪ್ಪತ್ತು ಪಾಲಿಗೆ ಕ್ಷಿಪ್ರ ಇನ್ಸುಲಿನ್‌ನ ಮೂವತ್ತು ಪಾಲು ಬೆರೆಸಿದ ಔಷಧ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದದ್ದೂ ಇದೇ ಬಗೆಯ ಔಷಧಗಳಿಗೆ ನೆರವಾಯಿತು. ಇದು ಹಳೆಯದು, ಬಡವರ ಔಷಧ ಎಂದು ಯಾರೂ ಕುಗ್ಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದು ಇದೆ. ಆದರೆ ಇದು ಹೊತ್ತನ್ನು ಕೇಳುವ ಔಷಧ.

ಮನುಷ್ಯರಲ್ಲಿ ಎನ್‌ಪಿಎಚ್ ಚುಚ್ಚಿದ ಒಂದೆರಡು ಗಂಟೆಗೆ ಕೆಲಸ ಶುರುವಾಗುತ್ತದೆ, ನಾಲ್ಕರಿಂದ ಹತ್ತು ಗಂಟೆಗಳ ನಡುವೆ ಅದರ ಬಲ ಹೆಚ್ಚು, ಆಮೇಲೆ ಇಳಿಯುತ್ತದೆ. ಬೆಳಗ್ಗೆ ಏಳಕ್ಕೆ ತೆಗೆದುಕೊಂಡವರಿಗೆ ಮಧ್ಯಾಹ್ನದ ಹೊತ್ತಿಗೆ ಅದು ಜೋರಾಗಿರುತ್ತದೆ. ಆ ದಿನ ಮದುವೆ ಮನೆಯಲ್ಲಿ ಊಟದ ಪಂಕ್ತಿ ಮೂರು ಗಂಟೆಗೆ ಕೂತರೆ, ಅಥವಾ ಏಕಾದಶಿಯ ಉಪವಾಸ ಎಂದು ಏನೂ ತಿನ್ನದಿದ್ದರೆ, ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸಂಜೆಯ ಸೂಜಿಯ ಬಲ ನಡುರಾತ್ರಿಯ ಆಸುಪಾಸಿನಲ್ಲಿ ಏರುತ್ತದೆ. ನಿದ್ದೆಯಲ್ಲಿ ಬೆವರಿ ಒದ್ದೆಯಾಗುವುದು, ಕೆಟ್ಟ ಕನಸು, ಬೆಳಗ್ಗೆ ಎದ್ದಾಗ ತಲೆನೋವು ಇದ್ದರೆ ವೈದ್ಯರಿಗೆ ಹೇಳಿ. ಸೂಜಿಯ ಹೊತ್ತನ್ನು ಮಲಗುವ ಮುಂಚೆಗೆ ಸರಿಸಿದರೂ ಹಲವರಿಗೆ ಈ ತೊಂದರೆ ಕಡಿಮೆಯಾಗುತ್ತದೆ. ಉಪವಾಸ ಮಾಡಲೇಬೇಕೆನ್ನುವವರು, ಅದು ಏಕಾದಶಿಯಾಗಲಿ ರಂಜಾನ್ ಆಗಲಿ, ಮುಂಚೆಯೇ ವೈದ್ಯರನ್ನು ಕಂಡು ಪ್ರಮಾಣ ಬದಲಿಸಿಕೊಳ್ಳಬೇಕು.

ನಾಯಿಯಲ್ಲಿ ಇದು ಇನ್ನೂ ಬೇಗ ಮುಗಿಯುತ್ತದೆ. ಅದಕ್ಕೇ ದಿನಕ್ಕೆರಡು ಬಾರಿ ಸಮನಾದ ಊಟ, ಊಟದ ಜೊತೆಗೆ ಸೂಜಿ. ಮೊದಲು ತಿನ್ನಲಿ, ತಿಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಚುಚ್ಚಿ. ತಿನ್ನದಿದ್ದರೆ ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ, ಪೂರ್ತಿ ಪ್ರಮಾಣ ಕೊಡಬೇಡಿ.

ಇನ್ನು ಬಾಟಲಿಯ ವಿಷಯ. ಔಷಧದ ಹರಳುಗಳು ತಳದಲ್ಲಿ ಕೂರುತ್ತವೆ. ಹಾಗೆಯೇ ಎಳೆದುಕೊಂಡರೆ ಒಂದು ದಿನ ನೀರು, ಇನ್ನೊಂದು ದಿನ ಗಟ್ಟಿ ಔಷಧ. ಎನ್‌ಪಿಎಚ್ ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿ, ಮೇಲೆ ಕೆಳಗೆ ತಿರುಗಿಸಿ, ಎಲ್ಲೆಡೆ ಒಂದೇ ಬಿಳುಪಾಗುವವರೆಗೆ ಬೆರೆಸಬೇಕು. ಗಂಟುಗಳು ಉಳಿದರೆ, ಗೋಡೆಗೆ ಹಿಮದಂತೆ ಅಂಟಿಕೊಂಡರೆ ಅದನ್ನು ಬಿಸಾಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಉಪಯೋಗಕ್ಕೆ ಬಾರದು, ಫ್ರೀಜರ್‌ನ ಹತ್ತಿರ ಇಡಬೇಡಿ. ಕಲಬುರಗಿ, ರಾಯಚೂರಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದವರು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ, ನೀರು ತಾಗದಂತೆ ಇಡಬಹುದು. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ.

ಈಗ ನನ್ನನ್ನು ಹೆಚ್ಚು ಹೆದರಿಸುವ ಸಂಗತಿಗೆ ಬರುತ್ತೇನೆ. ನಮ್ಮ ಔಷಧದ ಅಂಗಡಿಗಳಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹಲವು ಒಂದು ಮಿಲಿಲೀಟರ್‌ಗೆ 40 ಯೂನಿಟ್‌ನವು. ಇನ್ಸುಲಿನ್ ಚುಚ್ಚುವ ಪೆನ್‌ನ ಕಾರ್ಟ್ರಿಜ್‌ಗಳಲ್ಲಿ ಒಂದು ಮಿಲಿಲೀಟರ್‌ಗೆ 100 ಯೂನಿಟ್. ನಾಯಿಯ ಲೆಂಟೆ 40ರದು. ಸಿರಿಂಜ್‌ಗಳಲ್ಲೂ ಎರಡು ಬಗೆ: 40ರದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಔಷಧವನ್ನು ಕೆಂಪು ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಬಂದಿರುವುದು ಕಾಲು ಮಿಲಿಲೀಟರ್, ಅಂದರೆ 25 ಯೂನಿಟ್. ಎರಡೂವರೆ ಪಟ್ಟು. ಸಣ್ಣ ನಾಯಿಯಂತೂ ಇದರಿಂದ ಬದುಕುಳಿಯುವುದು ಕಷ್ಟ. ತಿರುಗುಮುರುಗಾದರೆ, 40ರ ಔಷಧ ಕಿತ್ತಳೆ ಸಿರಿಂಜ್‌ನಲ್ಲಿ ಹತ್ತು ಎಂದರೆ ಬರುವುದು ನಾಲ್ಕೇ ಯೂನಿಟ್. ಸಕ್ಕರೆ ಇಳಿಯದು, ಡೋಸ್ ಏರಿಸುತ್ತ ಹೋಗುತ್ತಾರೆ, ಮುಂದೊಂದು ದಿನ ಸರಿಯಾದ ಸಿರಿಂಜ್ ಕೈಗೆ ಬಂದಾಗ ಅನಾಹುತವಾಗುತ್ತದೆ. ಪೆನ್‌ನ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಳೆಯುವ ಅಭ್ಯಾಸ ಯಾರಿಗಾದರೂ ಇದ್ದರೆ, ದಯವಿಟ್ಟು ಇವತ್ತೇ ಬಿಡಿ.

ಬೆಕ್ಕಿನ ಬಗ್ಗೆ ಒಂದೆರಡು ಮಾತು. ಬೆಕ್ಕಿನಲ್ಲಿ ಎನ್‌ಪಿಎಚ್ ತೀರಾ ಬೇಗ ಮುಗಿಯುವುದರಿಂದ ನಾವು ಹೆಚ್ಚಾಗಿ ದೀರ್ಘಾವಧಿಯದನ್ನು ಆರಿಸುತ್ತೇವೆ. ಬೆಕ್ಕಿನ ಮಧುಮೇಹ ಮನುಷ್ಯರ ಎರಡನೇ ಬಗೆಯದನ್ನು ಹೋಲುತ್ತದೆ, ಬೇಗ ಚಿಕಿತ್ಸೆ ಶುರುವಾದರೆ ಕೆಲವಕ್ಕೆ ಇನ್ಸುಲಿನ್ನೇ ಬೇಡವಾಗುತ್ತದೆ. ನಾಯಿಗೆ ಬಹುತೇಕ ಜೀವನಪೂರ್ತಿ ಬೇಕು. ಬೆದೆಗೆ ಬಂದ ನಂತರ ಮಧುಮೇಹ ಕಾಣಿಸಿಕೊಂಡ ಹೆಣ್ಣುನಾಯಿಗೆ ಮಾತ್ರ ಅಂಡಾಶಯ, ಗರ್ಭಕೋಶಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಬೇಗ ಮಾಡಿಸಿದರೆ ಅದು ಪೂರ್ತಿ ವಾಸಿಯಾಗುವ ಸಾಧ್ಯತೆಯೂ ಇದೆ. ನಾಯಿಯ ಕಣ್ಣಿಗೆ ಪೊರೆ ಬಂದದ್ದನ್ನು ವಯಸ್ಸಾಯಿತು ಎಂದು ಬಿಡಬೇಡಿ, ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಅಜ್ಜಿಯ ಗ್ಲುಕೋಮೀಟರ್‌ನಲ್ಲಿ ನಾಯಿಯ ರಕ್ತ ನೋಡಿದರೆ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದೂ ನೆನಪಿರಲಿ.

ಸಕ್ಕರೆ ಇಳಿದಾಗ ಏನು ಮಾಡಬೇಕು? ಮನುಷ್ಯರಲ್ಲಿ 70ಕ್ಕಿಂತ ಕೆಳಗೆ ಬಂದರೆ, ಅಥವಾ ನಡುಕ, ಬೆವರು, ಗೊಂದಲ ಶುರುವಾದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸೇರಿಸಿ. ನಾಯಿ ತೂರಾಡಿದರೆ, ಕುಸಿದರೆ, ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ವಸಡಿಗೆ ಸವರಿ ತಕ್ಷಣ ಕರೆತನ್ನಿ. ಸಕ್ಕರೆ ಕಾಯಿಲೆಯ ನಾಯಿ ಎಂದು ಪ್ರೀತಿಯಿಂದ ಸಕ್ಕರೆರಹಿತ ಚೂಯಿಂಗ್ ಗಮ್ ಅಥವಾ ಮಿಠಾಯಿ ಕೊಡುವವರಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ. ರಕ್ತದ ಸಕ್ಕರೆಯನ್ನು ಒಮ್ಮೆಲೇ ಕೆಳಗಿಳಿಸಿ ಯಕೃತ್ತನ್ನೂ ಕೆಡಿಸಬಹುದು.

ನಿಮ್ಮ ಬಾಟಲಿ, ಸಿರಿಂಜ್‌ಗಳನ್ನು ತರಲು ಹೇಳಿದ್ದೆ. ತಂದವರು ಮುಂದಿನ ಮೇಜಿನ ಬಳಿ ಬನ್ನಿ. ಬಾಟಲಿಯ ಮೇಲಿನ ಸಂಖ್ಯೆಯನ್ನೂ ಸಿರಿಂಜ್‌ನ ಮೇಲಿನ ಸಂಖ್ಯೆಯನ್ನೂ ಒಬ್ಬೊಬ್ಬರದಾಗಿ ಜೊತೆಯಲ್ಲಿ ಕೂತು ಓದೋಣ.